ಸಿನ್ಸ್ ಅಥವಾ ಫಾರ್, ಲೈ ಅಥವಾ ಲೇ: ಗೊಂದಲವಾದಾಗ ಕನ್ನಡವನ್ನೇ ಕೇಳಿ

ಅಫೆಕ್ಟ್ ಬರೀಬೇಕಾ, ಎಫೆಕ್ಟ್ ಬರೀಬೇಕಾ? ಇಂಥ ಕಡೆ ಟೈಪ್ ಮಾಡುತ್ತಿದ್ದ ಬೆರಳು ನಿಂತುಬಿಡುತ್ತದೆ. ಸ್ಪೆಲಿಂಗ್ ತಪ್ಪಿದರೆ ಕಂಪ್ಯೂಟರ್ ಕೆಂಪು ಗೆರೆ ಎಳೆದು ತೋರಿಸುತ್ತದೆ. ಆದರೆ ಇಲ್ಲಿ ಎರಡೂ ನಿಜವಾದ ಪದಗಳೇ. ಯಾವುದನ್ನು ಬರೆದರೂ ಎಷ್ಟೋ ಸಲ ಗೆರೆ ಬರೋದೇ ಇಲ್ಲ. ಆರಿಸಬೇಕಾದವರು ನಾವೇ.

ನಾನು ಮೊದಲೆಲ್ಲ ಇಂಥ ಜೋಡಿಗಳ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಪಟ್ಟಿಯ ಕೊನೆ ಮುಟ್ಟುವ ಹೊತ್ತಿಗೆ ಮೊದಲಿನದು ಮರೆತಿರುತ್ತಿತ್ತು. ಆಮೇಲೆ ನಿಧಾನವಾಗಿ ಒಂದು ವಿಷಯ ಹೊಳೆಯಿತು. ಕನ್ನಡದವರಿಗೆ ಜಾಸ್ತಿ ತೊಂದರೆ ಕೊಡುವ ಜೋಡಿಗಳು ಬಹುಪಾಲು ಒಂದೇ ಬಗೆಯವು: ಕನ್ನಡದಲ್ಲಿ ಒಂದೇ ಪದ ಸಾಕಾಗುವ ಕಡೆ ಇಂಗ್ಲಿಷ್ ಎರಡು ಇಟ್ಟುಕೊಂಡಿರುತ್ತದೆ. ಆದರೆ ಆ ಎರಡರ ವ್ಯತ್ಯಾಸ ನಮಗೆ ಗೊತ್ತಿಲ್ಲ ಅಂತಲ್ಲ. ಅದೇ ವ್ಯತ್ಯಾಸವನ್ನು ನಾವು ‘ಇಸು’ ಸೇರಿಸಿಯೋ, ‘ನಾನು’ ಇದ್ದದ್ದನ್ನು ‘ನನಗೆ’ ಮಾಡಿಯೋ ದಿನಾ ತಪ್ಪಿಲ್ಲದೆ ಹೇಳುತ್ತಿರುತ್ತೇವೆ. ಅಂದ ಮೇಲೆ ಆ ಇಂಗ್ಲಿಷ್ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ಉತ್ತರ ಅಲ್ಲೇ ಸಿಗಬೇಕು, ಅಲ್ವಾ? ಬಹಳಷ್ಟು ಸಲ ಸಿಗುತ್ತದೆ. ಸಿಗದ ಜೋಡಿಗಳೂ ಇವೆ. ಅವನ್ನು ಕೊನೆಗೆ ನೋಡೋಣ.

‘ಇಂದ’ ಇದೆಯಾ?

ಸಿನ್ಸ್ ಮತ್ತು ಫಾರ್ ಜೋಡಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಎಡವಿದ್ದು ಇದರಲ್ಲೇ. ಒಂದು ಕೆಲಸದ ಅರ್ಜಿಯಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಇಯರ್ಸ್’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು ಆ ಒಂದು ಸಾಲಿನಲ್ಲಿ ಎರಡು ಕಡೆ ಗುರುತು ಹಾಕಿ ವಾಪಸ್ ಕೊಟ್ಟರು. ಎರಡು ತಪ್ಪು ಯಾಕೆ ಅಂತ ಅವತ್ತು ಅರ್ಥವಾಗಲಿಲ್ಲ.

ಕನ್ನಡದಲ್ಲಿ ಹೇಳಿ ನೋಡಿ. ‘ಸೋಮವಾರದಿಂದ ಜ್ವರ’ ಅನ್ನುತ್ತೇವೆ. ‘ಎರಡು ದಿನದಿಂದ ಜ್ವರ’ ಅಂತಲೂ ಅನ್ನುತ್ತೇವೆ. ಎರಡಕ್ಕೂ ‘ಇಂದ’. ಆದರೆ ಸೋಮವಾರ ಅನ್ನುವುದು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಜಾಗ. ಎರಡು ದಿನ ಅನ್ನುವುದು ಉದ್ದ. ಅದನ್ನು ತೋರಿಸಬೇಕಾದರೆ ಬೆರಳನ್ನು ಇಲ್ಲಿಂದ ಅಲ್ಲಿವರೆಗೆ ಎಳೆಯಬೇಕು. ಬೆರಳು ಒಂದು ಕಡೆ ನಿಂತರೆ ಸಿನ್ಸ್, ಬೆರಳು ಎಳೆಯಬೇಕಾದರೆ ಫಾರ್. ಸಿನ್ಸ್ ಮಂಡೇ, ಸಿನ್ಸ್ ಚೈಲ್ಡ್‌ಹುಡ್, ಸಿನ್ಸ್ 2015. ಫಾರ್ ಟು ಡೇಸ್, ಫಾರ್ ಟೆನ್ ಇಯರ್ಸ್, ಫಾರ್ ಎ ಲಾಂಗ್ ಟೈಮ್.

ಇನ್ನು ಎರಡನೇ ಗುರುತಿನ ವಿಷಯ. ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಅನ್ನುವಾಗ ನಾವು ವರ್ತಮಾನ ಕಾಲ ಬಳಸುತ್ತೇವೆ. ಅದೇ ಗುಂಗಿನಲ್ಲಿ ‘ಐ ಆಮ್’ ಅಂತ ಬರೆದುಬಿಡುತ್ತೇವೆ. ಇಂಗ್ಲಿಷಿಗೆ ಅದು ಸಾಲದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಐ ಹ್ಯಾವ್ ಬೀನ್’ ಬರಬೇಕು. ಇಲ್ಲಿ ಕನ್ನಡ ಒಂದು ಒಳ್ಳೇ ಸುಳಿವು ಕೊಡುತ್ತದೆ. ‘ಎರಡು ವರ್ಷ ಅಲ್ಲಿದ್ದೆ’ ಅನ್ನುವಾಗ ನಾವು ‘ಇಂದ’ ಹಾಕುವುದಿಲ್ಲ, ಯಾಕೆಂದರೆ ಅದು ಮುಗಿದ ಮಾತು. ಇಂಗ್ಲಿಷಿನಲ್ಲೂ ಅದು ಸುಮ್ನೆ ‘ಐ ಲಿವ್ಡ್ ದೇರ್ ಫಾರ್ ಟು ಇಯರ್ಸ್’. ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಅಂದರೆ ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟು ಇಯರ್ಸ್’. ಹೀಗೆ ಸಮಯದ ಪದಕ್ಕೆ ‘ಇಂದ’ ಅಂಟಿಕೊಂಡು, ಕೆಲಸ ಇನ್ನೂ ನಡೆಯುತ್ತಿದ್ದರೆ ‘ಹ್ಯಾವ್ ಬೀನ್’ ಬೇಕು ಅಂತ ನೆನಪಿಟ್ಟುಕೊಳ್ಳಿ. ನನ್ನ ಅರ್ಜಿಯ ಸಾಲು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟು ಇಯರ್ಸ್’ ಅಂತ ಇರಬೇಕಿತ್ತು.

ಸಮಯದ್ದೇ ಇನ್ನೊಂದು ಗುಂಪು: ಬೈ, ವಿದಿನ್, ಅಂಟಿಲ್. ‘ಶುಕ್ರವಾರದವರೆಗೆ’ ಅಂದರೆ ಅಂಟಿಲ್ ಫ್ರೈಡೇ. ಅಲ್ಲಿಯತನಕ ಕೆಲಸ ನಡೆಯುತ್ತಲೇ ಇರುತ್ತದೆ. ಇದರಲ್ಲಿ ಯಾರೂ ಅಷ್ಟಾಗಿ ತಪ್ಪುವುದಿಲ್ಲ. ತೊಂದರೆ ಇರುವುದು ‘ಒಳಗೆ’ ಅನ್ನುವುದರಲ್ಲಿ. ‘ಶುಕ್ರವಾರದೊಳಗೆ ಕಳಿಸಿ’, ‘ಮೂರು ದಿನದೊಳಗೆ ಕಳಿಸಿ’ ಎರಡೂ ನಮಗೆ ಸರಿ. ಹಾಗಾಗಿ ‘ವಿದಿನ್ ಫ್ರೈಡೇ’ ಅಂತ ಬರೆಯುವವರು ತುಂಬಾ ಜನ. ಇಲ್ಲೂ ಬೆರಳಿನ ಪರೀಕ್ಷೆಯೇ ಸಾಕು. ಬೆರಳು ಒಂದು ಕಡೆ ನಿಂತರೆ ಬೈ ಫ್ರೈಡೇ, ಎಳೆಯಬೇಕಾದರೆ ವಿದಿನ್ ತ್ರೀ ಡೇಸ್. ‘ಎರಡು ಗಂಟೆಯೊಳಗೆ ಬರ್ತೀನಿ’ ಅಂತ ಯಾರಾದರೂ ಹೇಳಿದರೆ ಕನ್ನಡದಲ್ಲೇ ಎರಡು ಅರ್ಥ ಇದೆ, ಗಮನಿಸಿದ್ದೀರಾ? ಗಡಿಯಾರ ಎರಡು ಹೊಡೆಯುವ ಮೊದಲಾ, ಇನ್ನೆರಡು ಗಂಟೆ ಕಳೆಯುವ ಮೊದಲಾ? ಕನ್ನಡದಲ್ಲಾದರೆ ಮತ್ತೆ ಕೇಳಿಯೇ ತಿಳಿಯಬೇಕು. ಇಂಗ್ಲಿಷಿನಲ್ಲಿ ಬೈ, ವಿದಿನ್ ಎರಡೂ ಬೇರೆ ಬೇರೆ ಇರುವುದರಿಂದ ಕೇಳುವ ಪ್ರಸಂಗವೇ ಬರುವುದಿಲ್ಲ.

‘ನಾನು’ ಅಂತೀರೋ, ‘ನನಗೆ’ ಅಂತೀರೋ?

ಕೇಳು ಅನ್ನುವ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರು ಪದಗಳಿವೆ: ಹಿಯರ್, ಲಿಸನ್, ಆಸ್ಕ್. ಪ್ರಶ್ನೆ ಕೇಳುವುದು ಆಸ್ಕ್, ಅದನ್ನು ಬಿಡಿ. ಉಳಿದ ಎರಡು ಯಾವಾಗ ಯಾವುದು?

ಹೊರಗೆ ಏನೋ ಸದ್ದಾಯಿತು. ಆಗ ‘ನನಗೆ ಕೇಳಿಸ್ತು’ ಅನ್ನುತ್ತೀರಿ. ಒಬ್ಬರ ಮಾತನ್ನು ಗಮನವಿಟ್ಟು ಕೇಳಿದರೆ ‘ನಾನು ಕೇಳಿದೆ’ ಅನ್ನುತ್ತೀರಿ. ‘ನನಗೆ’ ಬಂದರೆ ಅದು ನಿಮ್ಮ ಪ್ರಯತ್ನ ಇಲ್ಲದೆ ತಾನಾಗಿ ಆದದ್ದು. ಅದು ಹಿಯರ್. ‘ನಾನು’ ಬಂದರೆ ಬೇಕೆಂದೇ ಮಾಡಿದ್ದು. ಅದು ಲಿಸನ್. ಕಣ್ಣಿನ ವಿಷಯದಲ್ಲೂ ಇದೇ ಲೆಕ್ಕ. ‘ನನಗೆ ಕಾಣಿಸ್ತು’ ಅಂದರೆ ಸೀ, ‘ನಾನು ನೋಡಿದೆ’ ಅಂದರೆ ಲುಕ್. ಕಣ್ಣೆದುರು ನಡೆಯುತ್ತಿರುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ವಾಚ್. ಆಟ, ಮಕ್ಕಳು ಓಡಾಡುವುದು, ಹಕ್ಕಿ ಗೂಡು ಕಟ್ಟುವುದು, ಇವೆಲ್ಲ ವಾಚ್. ಸಿನಿಮಾಕ್ಕೆ ಸೀ ಅಂದರೂ ನಡೆಯುತ್ತದೆ, ವಾಚ್ ಅಂದರೂ ನಡೆಯುತ್ತದೆ.

ಒಂದು ಸಣ್ಣ ಕೊಂಡಿ ಮರೆಯಬೇಡಿ. ಲಿಸನ್ ಆದ ಮೇಲೆ ‘ಟು’ ಬೇಕು, ಲುಕ್ ಆದ ಮೇಲೆ ‘ಆಟ್’ ಬೇಕು. ಹಿಯರ್, ಸೀ, ವಾಚ್ ಪದಗಳಿಗೆ ಏನೂ ಬೇಡ. ‘ಲಿಸನ್ ಮಿ’ ಅಂತ ತುಂಬಾ ಕೇಳುತ್ತೇವೆ. ‘ಲಿಸನ್ ಟು ಮಿ’ ಅನ್ನುವುದೇ ಸರಿ.

ಬೋರ್ಡ್ ಮತ್ತು ಬೋರಿಂಗ್ ನಡುವೆ ಆರಿಸಲೂ ಇದೇ ‘ನನಗೆ’ ಸಹಾಯ ಮಾಡುತ್ತದೆ. ‘ನನಗೆ ಬೇಜಾರಾಗಿದೆ’ ಅಂದರೆ ‘ಐ ಆಮ್ ಬೋರ್ಡ್’. ಭಾಷಣ ಬೇಜಾರು ತರಿಸುತ್ತಿದ್ದರೆ ‘ದ ಸ್ಪೀಚ್ ಈಸ್ ಬೋರಿಂಗ್’. ‘ಐ ಆಮ್ ಬೋರಿಂಗ್’ ಅಂದುಬಿಟ್ಟರೆ ‘ನನ್ನಿಂದ ಬೇರೆಯವರಿಗೆ ಬೇಜಾರು’ ಅನ್ನುವ ಅರ್ಥ ಬರುತ್ತದೆ. ಇಂಟರೆಸ್ಟೆಡ್ ಮತ್ತು ಇಂಟರೆಸ್ಟಿಂಗ್, ಕನ್‌ಫ್ಯೂಸ್ಡ್ ಮತ್ತು ಕನ್‌ಫ್ಯೂಸಿಂಗ್, ಟೈರ್ಡ್ ಮತ್ತು ಟೈರಿಂಗ್ ಎಲ್ಲಕ್ಕೂ ಇದೇ ದಾರಿ. ಯಾರಿಗೆ ಆಯಿತೋ ಅವರಿಗೆ ‘ಡ್’, ಯಾವುದರಿಂದ ಆಯಿತೋ ಅದಕ್ಕೆ ‘ಇಂಗ್’.

‘ಇಸು’ ಹಾಕಿ ನೋಡಿ

ನನಗೆ ತುಂಬಾ ಇಷ್ಟದ ಭಾಗ ಇದು. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಲೈ ಮತ್ತು ಲೇ ಅಂದರೆ ತಡವರಿಸುತ್ತಾರೆ. ಇಂಗ್ಲಿಷ್ ಮನೆಮಾತಾಗಿರುವವರೂ ಮಾತಿನಲ್ಲಿ ಇವೆರಡನ್ನು ಬೆರೆಸುತ್ತಾರೆ. ಆದರೆ ಕನ್ನಡ ಬಲ್ಲವರಿಗೆ ಇದು ನಿಜಕ್ಕೂ ಸುಲಭ.

ಮಗು ಮಲಗಿತು, ಅಮ್ಮ ಮಗುವನ್ನು ಮಲಗಿಸಿದಳು. ಈ ಎರಡು ವಾಕ್ಯಗಳನ್ನು ಯಾವ ಕನ್ನಡಿಗರೂ ಅದಲುಬದಲು ಮಾಡುವುದಿಲ್ಲ. ಮಲಗು ಅಂದರೆ ಲೈ. ಮಲಗಿಸು ಅಂದರೆ ಲೇ. ಬೆಲೆ ಏರಿತು ಅಂದರೆ ರೈಜ಼್, ಬೆಲೆ ಏರಿಸಿದರು ಅಂದರೆ ರೇಜ಼್. ನಾನು ಕಲಿತೆ ಅಂದರೆ ಲರ್ನ್, ಅವರು ಕಲಿಸಿದರು ಅಂದರೆ ಟೀಚ್. ನೆನಪಾಯಿತು ಅಂದರೆ ರಿಮೆಂಬರ್, ನೆನಪಿಸಿದರು ಅಂದರೆ ರಿಮೈಂಡ್. ‘ಫೋನ್ ಮಾಡೋಕೆ ನನಗೆ ನೆನಪಿಸು’ ಅನ್ನಬೇಕಾದಾಗ ‘ರಿಮೆಂಬರ್ ಮಿ’ ಅಂದರೆ ತಪ್ಪಾಗುತ್ತದೆ. ‘ರಿಮೈಂಡ್ ಮಿ ಟು ಕಾಲ್’ ಅನ್ನಬೇಕು. ಕನ್ನಡದಲ್ಲಿ ‘ಇಸು’ ಬಂದರೆ ಜೋಡಿಯ ಎರಡನೆಯ ಪದ ತಗೊಳ್ಳಿ, ಅಷ್ಟೇ.

ಇದು ಸುಮ್ನೆ ಹೊಂದಿಕೊಂಡದ್ದಲ್ಲ. ಒಂದು ಕಾಲದಲ್ಲಿ ಇಂಗ್ಲಿಷಿನ ಪೂರ್ವಜ ಭಾಷೆಗೂ ನಮ್ಮ ‘ಇಸು’ ಥರದ ಪ್ರತ್ಯಯ ಇತ್ತು. ಕ್ರಿಯಾಪದದ ಕೊನೆಗೆ ‘ಯ’ ಸದ್ದಿನ ಒಂದು ತುಣುಕು ಸೇರಿಸಿದರೆ ‘ಹಾಗೆ ಆಗುವಂತೆ ಮಾಡು’ ಅನ್ನುವ ಅರ್ಥ ಬರುತ್ತಿತ್ತು. ಕಾಲ ಕಳೆದಂತೆ ಆ ತುಣುಕು ಸವೆದುಹೋಯಿತು. ಪದದೊಳಗಿನ ಸ್ವರ ಮಾತ್ರ ಬೇರೆಯಾಗಿ ಉಳಿಯಿತು. ಲೈ ಪಕ್ಕದಲ್ಲಿ ಲೇ ಇರುವುದು ಹೀಗೆ. ಕೂರು ಅನ್ನುವ ಸಿಟ್ ಪಕ್ಕದಲ್ಲಿ ಕೂರಿಸು ಅನ್ನುವ ಸೆಟ್ ಇರುವುದೂ ಹೀಗೆಯೇ. ಬೀಳು ಅನ್ನುವುದು ಫಾಲ್, ಮರವನ್ನು ಬೀಳಿಸುವುದು ಫೆಲ್. ಕುಡಿ ಅನ್ನುವುದು ಡ್ರಿಂಕ್, ಕುಡಿಸು ಅನ್ನುವುದು ಡ್ರೆಂಚ್. ಈಗ ಡ್ರೆಂಚ್ ಅಂದರೆ ತೊಪ್ಪೆಯಾಗಿ ನೆನೆಸು ಅಂತ ಅರ್ಥ. ಆದರೆ ದನಕರುಗಳಿಗೆ ಔಷಧಿ ಕುಡಿಸುವುದಕ್ಕೆ ಇವತ್ತಿಗೂ ಡ್ರೆಂಚ್ ಅನ್ನುತ್ತಾರೆ. ಹಳೆಯ ಅರ್ಥ ಅಲ್ಲಿ ಹಾಗೇ ಉಳಿದಿದೆ. ರೇಜ಼್ ಮಾತ್ರ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲೂ ಅದು ‘ಏಳು’ ಪದದ ‘ಇಸು’ ರೂಪವೇ. ಅವರಿಗೆ ಸವೆದುಹೋದ ಸಾಧನ ನಮ್ಮ ಬಾಯಲ್ಲಿ ಇನ್ನೂ ಗಟ್ಟಿಯಾಗಿದೆ. ಅದನ್ನು ಬಳಸಿಕೊಳ್ಳದೆ ಬಿಡುವುದು ಯಾಕೆ?

ಲೈ, ಲೇ ಜೋಡಿಯ ಒಂದು ತೊಡಕನ್ನು ಮಾತ್ರ ಕಲಿತುಕೊಳ್ಳಲೇಬೇಕು. ಲೈ ಪದದ ಭೂತಕಾಲವೂ ‘ಲೇ’ ಅಂತಲೇ ಇದೆ. ಗೊಂದಲವೆಲ್ಲ ಅಲ್ಲಿಂದಲೇ. ‘ನಿನ್ನೆ ಮಲಗಿದೆ’ ಅಂದರೆ ‘ಐ ಲೇ ಡೌನ್’. ‘ನಿನ್ನೆ ಮಗುವನ್ನು ಮಲಗಿಸಿದೆ’ ಅಂದರೆ ‘ಐ ಲೇಡ್ ದ ಬೇಬಿ ಡೌನ್’. ಲೈ, ಲೇ, ಲೇನ್ ಒಂದು ಸಾಲು. ಲೇ, ಲೇಡ್, ಲೇಡ್ ಇನ್ನೊಂದು ಸಾಲು. ಲೇಡ್ ಬಳಸುವ ಮೊದಲು ವಾಕ್ಯದಲ್ಲಿ ‘ಅನ್ನು’ ಹಚ್ಚಬಹುದಾದ ಪದ ಇದೆಯಾ ನೋಡಿ. ಪುಸ್ತಕವನ್ನು, ಮಗುವನ್ನು, ಮೊಟ್ಟೆಯನ್ನು. ಇದ್ದರೆ ಲೇಡ್ ಸರಿ. ಸುಳ್ಳು ಹೇಳುವ ಲೈ ಬೇರೆಯೇ ಪದ. ಅದು ಲೈಡ್ ಆಗುತ್ತದೆ.

ಯಾರಿಗೆ, ಯಾವ ಕಡೆಗೆ

ಬಾರೋ ಮತ್ತು ಲೆಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲ ತಗೊಂಡರೆ ಬಾರೋ, ಸಾಲ ಕೊಟ್ಟರೆ ಲೆಂಡ್. ‘ಪೆನ್ ಕೊಡ್ತೀರಾ’ ಅಂತ ಕೇಳಬೇಕಾದರೆ ‘ಕ್ಯಾನ್ ಐ ಬಾರೋ’ ಅನ್ನಿ, ಇಲ್ಲವೇ ‘ಕ್ಯಾನ್ ಯು ಲೆಂಡ್ ಮಿ’ ಅನ್ನಿ. ಐ ಇದ್ದರೆ ಬಾರೋ, ಯು ಇದ್ದರೆ ಲೆಂಡ್.

ಸೇ, ಟೆಲ್ ಜೋಡಿಗೆ ‘ಯಾರಿಗೆ’ ಅನ್ನುವ ಪ್ರಶ್ನೆ ಸಾಕು. ‘ನನಗೆ ಹೇಳಿದ’ ಅಂತ ಕೇಳುವವರು ವಾಕ್ಯದಲ್ಲಿದ್ದರೆ ‘ಹಿ ಟೋಲ್ಡ್ ಮಿ’. ಸುಮ್ನೆ ‘ಬರ್ತೀನಿ ಅಂದ’ ಅಂದರೆ ‘ಹಿ ಸೆಡ್’. ‘ಹಿ ಸೆಡ್ ಮಿ’ ಯಾವತ್ತೂ ಬೇಡ.

ಹಾರ್ಡ್ ಮತ್ತು ಹಾರ್ಡ್ಲಿ ಇವುಗಳ ಜೊತೆಗೇ ಹೇಳಿಬಿಡುತ್ತೇನೆ. ‘ಕಷ್ಟಪಟ್ಟು ದುಡಿಯುತ್ತಾನೆ’ ಅಂದರೆ ‘ಹಿ ವರ್ಕ್ಸ್ ಹಾರ್ಡ್’. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ‘ದುಡಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ’ ಅಂತ. ಅರ್ಥ ತಲೆಕೆಳಗಾಗುತ್ತದೆ. ಶಿಫಾರಸು ಪತ್ರದಲ್ಲಿ ಈ ತಪ್ಪಾದರೆ ಒಬ್ಬರ ಕೆಲಸಕ್ಕೇ ಕುತ್ತು.

ಎಣಿಸುವುದಾ, ಅಳೆಯುವುದಾ?

‘ಎಷ್ಟು ಜನ’, ‘ಎಷ್ಟು ನೀರು’. ನಮಗೆ ಎರಡಕ್ಕೂ ‘ಎಷ್ಟು’ ಸಾಕು. ಇಂಗ್ಲಿಷಿನಲ್ಲಿ ಒಂದು, ಎರಡು ಅಂತ ಎಣಿಸುವುದಕ್ಕೆ ಮೆನಿ, ಅಳೆಯುವುದಕ್ಕೆ ಮಚ್. ಕಡಿಮೆ ಅನ್ನುವಾಗಲೂ ಎಣಿಸುವುದಕ್ಕೆ ಫ್ಯೂಯರ್, ಅಳೆಯುವುದಕ್ಕೆ ಲೆಸ್. ಫ್ಯೂಯರ್ ಬುಕ್ಸ್, ಲೆಸ್ ವಾಟರ್.

ಇಲ್ಲಿ ಮಾತ್ರ ಕನ್ನಡವನ್ನು ಪೂರ್ತಿ ನಂಬಬೇಡಿ. ನಾವು ಮಾಹಿತಿಗಳು, ಸಲಹೆಗಳು, ಉಪಕರಣಗಳು ಅಂತ ಧಾರಾಳವಾಗಿ ‘ಗಳು’ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಇನ್ಫರ್ಮೇಷನ್, ಅಡ್ವೈಸ್, ಇಕ್ವಿಪ್‌ಮೆಂಟ್, ಫರ್ನಿಚರ್, ಲಗೇಜ್ ಇವು ಯಾವುದನ್ನೂ ಎಣಿಸುವುದಿಲ್ಲ. ಅವು ನೀರಿನ ಹಾಗೆ. ಹಾಗಾಗಿ ಮೆನಿ ಇನ್ಫರ್ಮೇಷನ್ಸ್ ಆಗುವುದಿಲ್ಲ, ಮಚ್ ಇನ್ಫರ್ಮೇಷನ್ ಆಗುತ್ತದೆ. ಈ ಐದಾರು ಪದಗಳನ್ನು ಬಾಯಿಪಾಠ ಮಾಡಿದರೆ ಬರವಣಿಗೆಯಲ್ಲಿ ಬಹಳ ತಪ್ಪು ತಾನಾಗಿ ನಿಲ್ಲುತ್ತದೆ.

ಲೆಸ್ ಬಗ್ಗೆ ಒಂದು ಮಾತು. ಇದನ್ನು ಎಣಿಸುವ ವಸ್ತುಗಳಿಗೆ ಬಳಸಬಾರದು ಅನ್ನುವ ನಿಯಮ ಬಹಳ ಹಳೆಯದೇನಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಅನ್ನುವವರು, ಅಂಥ ಕಡೆ ಫ್ಯೂಯರ್ ಬಳಸಿದರೆ ಚೆನ್ನ ಅಂತ ತಮ್ಮ ಅಭಿಪ್ರಾಯ ಬರೆದರು. ಆಮೇಲೆ ಅದು ಗಟ್ಟಿ ನಿಯಮವಾಯಿತು. ಅದಕ್ಕೂ ಮೊದಲು ನೂರಾರು ವರ್ಷ ಲೆಸ್ ಎರಡೂ ಕಡೆ ಓಡಾಡಿಕೊಂಡಿತ್ತು. ಆದ್ದರಿಂದ ಮಾತಿನಲ್ಲಿ ಯಾರಾದರೂ ಲೆಸ್ ಪೀಪಲ್ ಅಂದರೆ ತಿದ್ದಲು ಹೋಗಬೇಡಿ. ಔಪಚಾರಿಕ ಬರಹದಲ್ಲಿ ನೀವು ಮಾತ್ರ ಫ್ಯೂಯರ್ ಬಳಸಿ. ದೂರ, ದುಡ್ಡು, ಸಮಯದ ಅಳತೆಗೆ ಅಂಕಿ ಇದ್ದರೂ ಲೆಸ್ ಸರಿ: ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್.

ಫ್ಯೂ ಮತ್ತು ಎ ಫ್ಯೂ ನಡುವೆ ಇರುವುದು ಬರೀ ಒಂದು ‘ಎ’. ಆದರೆ ಹೇಳುವವರ ಮನಸ್ಸೇ ಬೇರೆಯಾಗುತ್ತದೆ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್’ ಅಂದರೆ ‘ಒಂದಿಷ್ಟು ಗೆಳೆಯರಿದ್ದಾರೆ’ ಅನ್ನುವ ಸಮಾಧಾನ. ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್’ ಅಂದರೆ ‘ಗೆಳೆಯರು ಅಂತ ಹೇಳಿಕೊಳ್ಳುವವರೇ ಕಡಿಮೆ’ ಅನ್ನುವ ಕೊರಗು. ಲಿಟಲ್, ಎ ಲಿಟಲ್ ಕೂಡ ಹೀಗೇ.

ಕಿವಿಗೆ ಸಿಗುವವು

ಕೆಲವು ಜೋಡಿಗಳನ್ನು ಬರೆಯುವ ಮೊದಲು ಗಟ್ಟಿಯಾಗಿ ಹೇಳಿದರೆ ಸಾಕು. ಸಲಹೆ ಅನ್ನುವ ನಾಮಪದ ಅಡ್ವೈಸ್, ಕೊನೆಯಲ್ಲಿ ‘ಸ್’ ಸದ್ದು, ಸ್ಪೆಲಿಂಗಿನಲ್ಲಿ ಸಿ. ಸಲಹೆ ಕೊಡು ಅನ್ನುವ ಕ್ರಿಯಾಪದ ಅಡ್ವೈಜ಼್, ಝೇಂಕರಿಸುವ ಸದ್ದು, ಸ್ಪೆಲಿಂಗಿನಲ್ಲಿ ಎಸ್. ಕನ್ನಡದಲ್ಲಿ ನಾವು ಎರಡನ್ನೂ ‘ಅಡ್ವೈಸ್’ ಅಂತಲೇ ಅನ್ನುವುದರಿಂದ ಬರೆಯುವಾಗಲೂ ಬೆರೆಯುತ್ತದೆ. ಬಾಯಲ್ಲಿ ಸದ್ದು ಬೇರೆ ಮಾಡಿಕೊಳ್ಳಿ, ಸ್ಪೆಲಿಂಗ್ ತಾನೇ ಬರುತ್ತದೆ. ಸಡಿಲ ಅನ್ನುವುದು ಲೂಸ್, ಅದಕ್ಕೆ ಎರಡು ಓ. ಕಳೆದುಕೊಳ್ಳುವುದು ಲೂಜ಼್, ಅದಕ್ಕೆ ಒಂದೇ ಓ. ಕಳೆದುಕೊಳ್ಳುವ ಪದ ಒಂದು ಓ ಅನ್ನೂ ಕಳೆದುಕೊಂಡಿದೆ ಅಂತ ಇಟ್ಟುಕೊಳ್ಳಿ.

ಮೊದಲು ಕೇಳಿದ ಅಫೆಕ್ಟ್, ಎಫೆಕ್ಟ್ ಜೋಡಿ ಕಷ್ಟವಾಗಲು ಕಾರಣ ನಮ್ಮ ಮಾತೇ. ‘ಮಳೆಯಿಂದ ಎಫೆಕ್ಟ್ ಆಯ್ತು’ ಅಂತ ಎಲ್ಲ ಕಡೆ ಎಫೆಕ್ಟ್ ಒಂದನ್ನೇ ಬಳಸಿ ಕಿವಿ ಒಗ್ಗಿಹೋಗಿದೆ. ‘ಪರಿಣಾಮ’ ಅಂತಷ್ಟೇ ಹೇಳಬೇಕಾದರೆ ಎಫೆಕ್ಟ್, ‘ಪರಿಣಾಮ ಬೀರು’ ಅನ್ನಬೇಕಾದರೆ ಅಫೆಕ್ಟ್. ಎಫೆಕ್ಟ್ ಆದ ಮೇಲೆ ‘ಆನ್’ ಬರುತ್ತದೆ: ‘ರೇನ್ ಹ್ಯಾಡ್ ಅನ್ ಎಫೆಕ್ಟ್ ಆನ್ ದ ಮ್ಯಾಚ್’. ಅಫೆಕ್ಟ್ ನೇರವಾಗಿ ಹೋಗಿ ಮುಟ್ಟುತ್ತದೆ: ‘ರೇನ್ ಅಫೆಕ್ಟೆಡ್ ದ ಮ್ಯಾಚ್’. ಒಂದು ಹೊರತು ಇದೆ. ‘ಎಫೆಕ್ಟ್ ಎ ಚೇಂಜ್’ ಅಂದರೆ ಬದಲಾವಣೆ ತರುವುದು. ಅಲ್ಲಿ ಎಫೆಕ್ಟ್ ಕ್ರಿಯಾಪದವೇ. ಅನುಮಾನ ಬಂದರೆ ಅಲ್ಲಿ ‘ಬ್ರಿಂಗ್ ಅಬೌಟ್’ ಅಂತ ಬರೆದುಬಿಡಿ, ಯಾರ ತಕರಾರೂ ಇರುವುದಿಲ್ಲ.

ಕಣ್ಣಿಗೆ ಮಾತ್ರ ಬೇರೆ

ಸದ್ದೂ ಒಂದೇ ಇದ್ದರೆ ಕನ್ನಡ ಏನೂ ಮಾಡಲಾರದು, ಕಿವಿಯೂ ಏನೂ ಮಾಡಲಾರದು. ಇಟ್ಸ್ ಪದಕ್ಕೆ ಅಪಾಸ್ಟ್ರಫಿ ಬೇಕಾ, ಬೇಡವಾ? ಅದನ್ನು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಿ. ವಾಕ್ಯ ಸರಿಹೋದರೆ ಅಪಾಸ್ಟ್ರಫಿ ಹಾಕಿ. ‘ಅದರ’ ಅನ್ನುವ ಅರ್ಥವಿದ್ದರೆ ಬೇಡ. ಹಿಸ್, ಹರ್ಸ್ ಪದಗಳಿಗೂ ಅಪಾಸ್ಟ್ರಫಿ ಇಲ್ಲವಲ್ಲ, ಹಾಗೆಯೇ ಇದು. ಈ ‘ಅದರ’ ಅರ್ಥದ ಇಟ್ಸ್ ಇಂಗ್ಲಿಷಿಗೆ ತಡವಾಗಿ ಬಂದ ಪದ. 1611ರ ಬೈಬಲ್ ಅನುವಾದದಲ್ಲಿ ಅಂಥ ಕಡೆಗಳಲ್ಲಿ ಹೆಚ್ಚಾಗಿ ಹಿಸ್ ಇದೆ. ಬಂದ ಹೊಸದರಲ್ಲಿ ಎಷ್ಟೋ ಲೇಖಕರು ಇದಕ್ಕೂ ಅಪಾಸ್ಟ್ರಫಿ ಹಾಕುತ್ತಿದ್ದರು. ಹಾಗಾಗಿ ಈ ಗೊಂದಲ ನಮ್ಮೊಬ್ಬರದೇ ಅಲ್ಲ.

ಸ್ಟೇಷನರಿ ಎರಡು ಬಗೆ. ಪೆನ್ನು, ಕಾಗದದ ಸ್ಟೇಷನರಿಗೆ ಕೊನೆಯ ಆರ್-ವೈ ಮುಂಚೆ ಇ, ಪೇಪರ್ ಪದದಲ್ಲಿ ಇರುವ ಇ. ನಿಂತಲ್ಲೇ ನಿಂತಿರುವ ಸ್ಟೇಷನರಿಗೆ ಎ, ಸ್ಟ್ಯಾಂಡ್ ಪದದಲ್ಲಿ ಇರುವ ಎ. ಮೂಲದಲ್ಲಿ ಇವು ಒಂದೇ ಬಳ್ಳಿಯವು. ಮಧ್ಯಯುಗದ ಯುರೋಪಿನಲ್ಲಿ ಊರೂರು ಸುತ್ತದೆ ಒಂದೇ ಕಡೆ ಅಂಗಡಿ ಹಾಕಿ ಪುಸ್ತಕ ಮಾರುವವರನ್ನು ಸ್ಟೇಷನರ್ ಅನ್ನುತ್ತಿದ್ದರು. ಅವರು ಮಾರಿದ ಸಾಮಾನು ಸ್ಟೇಷನರಿ ಆಯಿತು.

ಪ್ರಿನ್ಸಿಪಲ್ ಪದಕ್ಕೆ ‘ಮುಖ್ಯ’ ಅನ್ನುವುದನ್ನು ಹಚ್ಚಿ ನೋಡಿ. ಕಾಲೇಜಿನ ಮುಖ್ಯಸ್ಥರು, ಮುಖ್ಯ ಕಾರಣ, ಬಡ್ಡಿ ಬಿಟ್ಟು ಉಳಿಯುವ ಮುಖ್ಯ ಮೊತ್ತವಾದ ಅಸಲು, ಇವೆಲ್ಲ ಎ-ಎಲ್ ಅಂತ ಮುಗಿಯುವ ಪ್ರಿನ್ಸಿಪಲ್. ತತ್ವ, ನಿಯಮ ಅನ್ನುವುದಾದರೆ ಎಲ್-ಇ ಅಂತ ಮುಗಿಯುತ್ತದೆ, ರೂಲ್ ಪದ ಮುಗಿಯುವ ಹಾಗೆ. ಕಾಂಪ್ಲಿಮೆಂಟ್ ಪದದ ನಡುವೆ ಐ ಇದ್ದರೆ ಹೊಗಳಿಕೆ, ಇ ಇದ್ದರೆ ಒಂದನ್ನೊಂದು ಪೂರ್ತಿ ಮಾಡುವುದು. ಕಂಪ್ಲೀಟ್ ಪದದಲ್ಲೂ ಎಲ್ ಆದಮೇಲೆ ಇ ಇದೆ, ಅದೇ ಗುರುತು.

ಇನ್ನು ಪ್ರ್ಯಾಕ್ಟಿಸ್. ಇಲ್ಲಿ ಸರಿ ಯಾವುದು ಅನ್ನುವುದು ಓದುವವರ ಮೇಲೆ ನಿಂತಿದೆ. ಬ್ರಿಟಿಷ್ ಬರವಣಿಗೆಯಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್, ಥೇಟ್ ಅಡ್ವೈಸ್ ಹಾಗೆ. ಆದರೆ ಸದ್ದು ಬೇರೆಯಾಗುವುದಿಲ್ಲ. ಅಮೆರಿಕದವರು ಎರಡಕ್ಕೂ ಸಿ ಬಳಸುತ್ತಾರೆ. ಲೈಸೆನ್ಸ್ ಪದದಲ್ಲಿ ಬ್ರಿಟಿಷರು ಅದೇ ಸಿ, ಎಸ್ ಲೆಕ್ಕ ಇಟ್ಟುಕೊಂಡಿದ್ದಾರೆ. ಅಮೆರಿಕದವರು ಇಲ್ಲಿ ಎರಡಕ್ಕೂ ಎಸ್ ಹಾಕುತ್ತಾರೆ. ಬರೆಯಲು ಕೂರುವ ಮೊದಲೇ ಯಾವ ಪದ್ಧತಿ ಅಂತ ತೀರ್ಮಾನಿಸಿ, ಕಂಪ್ಯೂಟರಿನಲ್ಲೂ ಆ ಭಾಷೆಯನ್ನೇ ಆರಿಸಿಕೊಳ್ಳಿ. ಆಗ ಕೆಂಪು ಗೆರೆ ಈ ಎರಡು ಪದಗಳ ಮಟ್ಟಿಗೆ ಸ್ವಲ್ಪವಾದರೂ ನೆರವಿಗೆ ಬರುತ್ತದೆ.